ಬೆರಳಿಗೊಂದು ಹುರಿ

ಯಾವ ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ ಮುಗುಳವಾಡವೆಂಬ ರಾಜ್ಯವೊಂದಿತ್ತು. ಅಲ್ಲಿ ಕಾಳೋಜನೆಂಬ ವೀಣೆ ಮಾಡುವವನಿದ್ದ. ಅವನ ಮಗಳು ಬಾಚಲೆ. ಅಪ್ಪ ಮರ ಕೊರೆದರೆ ಮಗಳು ತಂತಿ ಕಟ್ಟುತ್ತಿದ್ದಳು. ಅಪ್ಪನಿಗೆ ಮಾತು ಹೆಚ್ಚು, ಮಗಳಿಗೆ ತಾಳ್ಮೆ ಕಡಿಮೆ. ಆದರೂ ಇಬ್ಬರೂ ಸೇರಿ ಮಾಡಿದ ವೀಣೆಯಲ್ಲಿ ಒಂದು ಅಪಸ್ವರವೂ ಹುಟ್ಟುತ್ತಿರಲಿಲ್ಲ.

ಒಮ್ಮೆ ಬಾಚಲೆ ಒಳ್ಳೆಯ ಹಲಸಿನ ಮರ ಹುಡುಕಿಕೊಂಡು ಕಾಡಿಗೆ ಹೋಗಿ ಐದು ದಿನ ಬಿಟ್ಟು ಬಂದಳು. ಕೋಟೆ ಬಾಗಿಲಲ್ಲಿ ಕಾವಲುಗಾರ ಬಾಯಿ ತೆರೆದ, ದನಿ ಬರಲಿಲ್ಲ. ಸೊಪ್ಪು ಮಾರುವವರು ಬಾಯಾಡಿಸುತ್ತಿದ್ದರು, ದನಿ ಇರಲಿಲ್ಲ. ಒಂದು ಜಗಲಿಯ ಮೇಲೆ ಕೂಸೊಂದು ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು. ಅದರ ತಾಯಿ ಅತ್ತ ಬೆನ್ನು ಮಾಡಿ ರಾಗಿ ಬೀಸುತ್ತಿದ್ದಳು. ಬಾಚಲೆ ಅವಳ ಭುಜ ಹಿಡಿದು ತಿರುಗಿಸಿದ ಮೇಲೆಯೇ ಅವಳಿಗೆ ಕೂಸಿನ ಅಳು ತಿಳಿದದ್ದು. ಮನೆಗೆ ಓಡಿದಳು. ಕಾಳೋಜ ಅವಳನ್ನು ಕಂಡು ಏನೇನೋ ಹೇಳಿದ. ಅವನ ತುಟಿ ಅಲುಗಿತು, ಅಷ್ಟೇ.

ಬಾಚಲೆ ಅಲ್ಲಿಂದ ಅರಮನೆಗೆ ಓಡಿದಳು. ಅಲ್ಲಿ ಅವಳಿಗೆ ಸಂಗತಿ ತಿಳಿಸಿದವನು ಮಾಂತ್ರಿಕ ದುಂದುಭ. ಮಾತಾಡಲು ಊರಲ್ಲಿ ಅವನಿಗೆ ಬೇರೆ ಯಾರೂ ಉಳಿದಿರಲಿಲ್ಲ. ಅವನು ರಾಜ ಎರೆಯಮರಸನಿಗೆ ಒಂದು ಗೋಡೆಯನ್ನು ಕಾಣಿಕೆ ಕೊಟ್ಟಿದ್ದ. ಮುನ್ನೂರು ಹಿತ್ತಾಳೆ ಪೆಟ್ಟಿಗೆಗಳ ಗೋಡೆ. ಪ್ರತಿ ಪೆಟ್ಟಿಗೆಗೆ ಒಂದು ತಿರುಪು, ಎರಡು ತೂತು. ತೂತಿನಿಂದ ತೂತಿಗೆ ಬಣ್ಣಬಣ್ಣದ ಹುರಿಗಳು. ಒಂದು ಪೆಟ್ಟಿಗೆ ನಾದ ಹುಟ್ಟಿಸುತ್ತಿತ್ತು, ಇನ್ನೊಂದು ಅದನ್ನು ತೆಳುವಾಗಿಸುತ್ತಿತ್ತು, ಮತ್ತೊಂದು ನಡುಗಿಸುತ್ತಿತ್ತು. ರಾಜ ಮೆಚ್ಚಿ ಅದನ್ನು ಸಭಾಮಂಟಪದಲ್ಲಿ ನಿಲ್ಲಿಸಿದ. ಅಂದೇ ಕೋಟೆಯೊಳಗಿದ್ದವರ ದನಿಯೆಲ್ಲ ಆ ಪೆಟ್ಟಿಗೆಗಳನ್ನು ಸೇರಿತು.

"ಗೋಡೆಯ ಮುಂದೆ ಮೂರು ಮೃಗಗಳು ಕೂತಿವೆ," ಎಂದ ದುಂದುಭ. ಅವನ ದನಿ ನಗಾರಿಯಂತಿತ್ತು. "ಅವು ಕೇಳಿದ ನಾದವನ್ನು ಈ ಗೋಡೆಯಿಂದ ಹೊರಡಿಸು. ಮೂರೂ ಎದ್ದು ಹೋದರೆ ದನಿಗಳು ಹಿಂದಿರುಗುತ್ತವೆ. ಮೂರನೆಯ ದಿನ ಸೂರ್ಯ ಮುಳುಗಿದರೆ ನಿನ್ನ ದನಿಯೂ ನನ್ನದು."

"ಇದಕ್ಕೆ ತಂತಿಯಿಲ್ಲ. ಬೆರಳು ಎಲ್ಲಿ ಇಡಲಿ?"

"ಅದು ನಿನ್ನ ಪಾಡು," ಎಂದ ಅವನು.

ಬಾಚಲೆ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ಕಾಳೋಜ ಹಲಸಿನ ಹಲಗೆಯ ಮೇಲೆ ಜೇನುಮೇಣ ಸವರಿದ ಮೆತ್ತನೆಯ ತೊಗಲು ಬಿಗಿದು ಒಂದು ಬೆರಳುಮಣೆ ಮಾಡಿದ. ಅದರ ಮೇಲೆ ಬೆರಳು ಒತ್ತಿದರೆ ಒತ್ತಡ, ಜಾರಿದರೆ ಜಾರು, ನಡುಗಿದರೆ ನಡುಕ, ಎಲ್ಲವೂ ಒಂದು ಹುರಿಯಲ್ಲಿ ಹರಿದು ಗೋಡೆಯನ್ನು ಸೇರುತ್ತಿತ್ತು. ಕಾಳೋಜನ ಕೈಗೆ ಅಂಥ ಗುಣವಿತ್ತು. ಮಣೆ ಕೊಡುವಾಗ ಅವನು ಒಂದೊಂದೇ ಬೆರಳು ಎತ್ತಿ ತೋರಿಸಿ ಹುರಿಯನ್ನು ಜಗ್ಗಿದ. ಉಳಿದ ದಿನ ಎಣಿಸುತ್ತಿದ್ದಾನೆಂದು ಬಾಚಲೆಗೆ ಕಿರಿಕಿರಿಯಾಯಿತು. ಮೂರೇ ದಿನವೆಂದು ತನಗೂ ಗೊತ್ತು ಎಂದು ಗೊಣಗಿ ಹೊರಟಳು.

ಮೊದಲ ದಿನ ಕಲ್ಲುಹುಲಿ ಕಣ್ಣು ತೆರೆಯಿತು. ಗಾಳಿಯಂತೆ ಶುರುವಾಗಿ ಗುಡುಗಿನಂತೆ ಬೆಳೆಯುವ ಒಂದೇ ಸ್ವರ ಬೇಕೆಂದಿತು. ಬಾಚಲೆ ಬೆರಳನ್ನು ಮಣೆಗೆ ತಾಗಿಸಿದ್ದೇ ತಡ, ಗೋಡೆ ಗುಡುಗಿತು. ಇನ್ನೂ ಹಗುರವಾಗಿ ಮುಟ್ಟಿದಳು, ಮತ್ತೆ ಗುಡುಗು. ಉಸಿರು ಹಿಡಿದು ಮುಟ್ಟಿದಳು, ಅದೇ ಗುಡುಗು. ಹುಲಿ ಆಕಳಿಸಿತು. ಒಂದು ತಿರುಪು ತಿರುಗಿಸಿದರೆ ನಾದವೇ ನಿಂತುಹೋಯಿತು. ತಿರುಪಿನದೇ ತಪ್ಪೆಂದು ಮೂವತ್ತು ಪೆಟ್ಟಿಗೆ ತಡಕಾಡಿದ ಮೇಲೆ ಗೊತ್ತಾಯಿತು, ಹುರಿಯೊಂದು ತೂತಿನಿಂದ ಕಳಚಿಕೊಂಡಿತ್ತು. ಕಾಳೋಜ ಪಕ್ಕದಲ್ಲಿ ನಿಂತು ಬೆರಳು ತೋರಿಸುತ್ತಲೇ ಇದ್ದ. ಬಾಚಲೆ ಹಲ್ಲು ಕಚ್ಚಿಕೊಂಡು ಹುರಿ ಸಿಕ್ಕಿಸಿ, ತಿರುಪನ್ನು ಎಳ್ಳಷ್ಟು ಎಳ್ಳಷ್ಟೇ ತಿರುಗಿಸಿದಳು. ಇಳಿಹೊತ್ತಿಗೆ ಸ್ವರ ಗಾಳಿಯಂತೆ ಎದ್ದು ಗುಡುಗಾಯಿತು. ಹುಲಿ ಮೈ ಕೊಡವಿ ಬೆಟ್ಟದ ಕಡೆ ಹೋಯಿತು.

ಎರಡನೆಯ ದಿನ ಬೆಳ್ಳಿಹಾವು ಹೆಡೆ ಎತ್ತಿತು. ಷಡ್ಜದಿಂದ ಪಂಚಮಕ್ಕೆ ನಡುವೆ ಕಡಿಯದೆ ಜಾರಬೇಕೆಂದಿತು. ವೀಣೆಯಲ್ಲಿ ಬಾಚಲೆಗೆ ಅದು ನಿದ್ದೆಯಲ್ಲೂ ಬರುವ ಕೆಲಸ. ಆದರೆ ಮಣೆಯ ಮೇಲೆ ಬೆರಳು ಒಂದು ಗೇಣು ಜಾರಿದರೆ ಗೋಡೆ ಹತ್ತು ಗೇಣು ಹಾರಿ ಕೀರಲುಗುಟ್ಟಿತು. ಮಣೆಯ ಗೇಣು ಬೇರೆ, ಗೋಡೆಯ ಗೇಣು ಬೇರೆ. ಇದ್ದಿಲಿನಿಂದ ಗೆರೆ ಎಳೆದು ಎರಡನ್ನೂ ಹೊಂದಿಸುವಷ್ಟರಲ್ಲಿ ಬಿಸಿಲೇರಿ, ಹಿತ್ತಾಳೆ ಕಾದು, ಹೊಂದಿಸಿದ ಸ್ವರವೆಲ್ಲ ಜಾಗ ಬಿಟ್ಟಿತು. ಬಾಚಲೆ ಗೆರೆ ಅಳಿಸಿ ಮತ್ತೆ ಎಳೆದಳು. ಸ್ವರ ಮತ್ತೆ ಜಾಗ ಬಿಟ್ಟಿತು. ಅವಳು ನೆಲಕ್ಕೆ ಕೂತು ಗೋಡೆಯನ್ನೂ, ದುಂದುಭನನ್ನೂ, ಕಾಣಿಕೆ ಎಂದರೆ ಬಾಯಿ ಬಿಡುವ ರಾಜನನ್ನೂ ಬೈದಳು. ರಾಜ ಎದುರಿಗೇ ಇದ್ದ. ಉತ್ತರ ಕೊಡಲು ದನಿಯಿಲ್ಲದೆ ತಲೆ ತಗ್ಗಿಸಿದ. ಪೆಟ್ಟಿಗೆಗಳು ಪೂರಾ ಕಾದು ಒಂದು ಹದಕ್ಕೆ ನಿಂತ ಮೇಲೆ ಬಾಚಲೆ ಕೊನೆಯ ಸಲ ಗೆರೆ ಎಳೆದು ಬೆರಳು ಜಾರಿಸಿದಳು. ಹಾವು ಆ ನಾದದ ಜೊತೆಗೇ ಸದ್ದಿಲ್ಲದೆ ಜಾರಿ ಹೋಯಿತು.

ಮೂರನೆಯ ದಿನ ಗಂಡಭೇರುಂಡ. ಅದಕ್ಕೆ ಒಂದು ಮೈ, ಎರಡು ತಲೆ. ಎಡದ ತಲೆ ಅಲುಗದ ಷಡ್ಜ ಬೇಕೆಂದಿತು. ಬಲದ ತಲೆ ತೂಗುವ ಗಾಂಧಾರ ಬೇಕೆಂದಿತು. ಎರಡೂ ಒಟ್ಟಿಗೇ ಬೇಕೆಂದವು.

ಬಾಚಲೆ ಎರಡು ಬೆರಳಿಟ್ಟು ಒಂದನ್ನು ತೂಗಿದಳು. ಎರಡು ಸ್ವರವೂ ತೂಗಿದವು. ಎಡದ ತಲೆ ಸಿಟ್ಟಾಯಿತು. ಬೆರಳು ನಿಲ್ಲಿಸಿದರೆ ಎರಡೂ ನಿಂತವು. ಬಲದ ತಲೆ ಸಿಟ್ಟಾಯಿತು. ಎರಡು ತಲೆಗಳೂ ಒಂದನ್ನೊಂದು ಕುಕ್ಕಿದವು, ಆಮೇಲೆ ಹುರಿಗಳನ್ನು ಕುಕ್ಕಿದವು. ಹೊತ್ತು ನೆತ್ತಿಗೆ ಬಂತು, ಆಚೆ ವಾಲಿತು. ದುಂದುಭ ಕಂಬಕ್ಕೆ ಒರಗಿ ನೋಡುತ್ತಿದ್ದ. ಕಾಳೋಜ ಮತ್ತೆ ಬಂದು ಒಂದೊಂದೇ ಬೆರಳು ಎತ್ತಿದ.

"ಗೊತ್ತಪ್ಪಾ. ಇವತ್ತೇ ಕೊನೆ ಅಂತ ನನಗೂ ಗೊತ್ತು," ಎಂದು ಬಾಚಲೆ ಕೂಗಿದಳು. ಕೂಗಿದವಳೇ ಗೋಡೆಯ ಹುರಿಗಳನ್ನೆಲ್ಲ ಕಿತ್ತು ನೆಲಕ್ಕೆ ಎಸೆದಳು.

ಕಾಳೋಜ ಕೋಪ ಮಾಡಿಕೊಳ್ಳಲಿಲ್ಲ. ನೆಲದಿಂದ ಒಂದು ಕೆಂಪು ಹುರಿ ಎತ್ತಿ ಮಗಳ ತೋರುಬೆರಳಿಗೆ ಸುತ್ತಿದ. ಒಂದು ಹಸಿರು ಹುರಿ ಎತ್ತಿ ಅವಳ ನಡುಬೆರಳಿಗೆ ಸುತ್ತಿದ. ಕೆಂಪು ಹುರಿಯ ತುದಿಯನ್ನು ಎಡಗಡೆಯ ಪೆಟ್ಟಿಗೆಗಳಿಗೆ ಹಿಡಿದ, ಹಸಿರು ಹುರಿಯ ತುದಿಯನ್ನು ಬಲಗಡೆಯವಕ್ಕೆ. ಆಮೇಲೆ ಅವಳ ಮುಖ ನೋಡಿದ.

ಬಾಚಲೆ ತೋರುಬೆರಳು ಆಡಿಸಿದಳು, ಕೆಂಪು ಹುರಿಯೊಂದೇ ಅಲುಗಿತು. "ಮೊದಲ ದಿನದಿಂದಲೂ ಇದನ್ನೇ ಹೇಳ್ತಾ ಇದ್ದೆಯಾ?" ಎಂದು ಕೇಳಿದಳು.

ಕಾಳೋಜ ಹೌದೆಂದು ತಲೆಯಾಡಿಸಿದ.

ಇಬ್ಬರೂ ಕೂತು ಮಣೆಯ ಅಡಿಯಲ್ಲಿ ಬೆರಳಿಗೊಂದರಂತೆ ಬೇರೆ ಬೇರೆ ಹುರಿ ಕಟ್ಟಿದರು. ಕಿತ್ತ ಹುರಿಗಳನ್ನು ಮತ್ತೆ ಸಿಕ್ಕಿಸುತ್ತ ಗೋಡೆಯನ್ನು ಎರಡು ಪಾಲು ಮಾಡಿ ಒಂದೊಂದು ಹುರಿಗೆ ಒಂದೊಂದು ಪಾಲು ಕೊಟ್ಟರು. ಸೂರ್ಯ ಕೋಟೆಗೋಡೆಯ ತುದಿಯ ತೆನೆಗಳನ್ನು ಮುಟ್ಟುವಾಗ ಬಾಚಲೆ ಎರಡು ಬೆರಳನ್ನೂ ಮಣೆಯ ಮೇಲಿಟ್ಟಳು. ಷಡ್ಜ ಕಂಬದಂತೆ ನಿಂತಿತು. ಗಾಂಧಾರ ಅದರ ಪಕ್ಕದಲ್ಲೇ ಉಯ್ಯಾಲೆಯಂತೆ ತೂಗಿತು. ಒಂದರಿಂದ ಇನ್ನೊಂದು ಕೆಡಲಿಲ್ಲ. ಗಂಡಭೇರುಂಡದ ಎರಡು ತಲೆಗಳೂ ಕಣ್ಣು ಮುಚ್ಚಿ ಕೇಳಿದವು. ಆಮೇಲೆ ಅದು ರೆಕ್ಕೆ ಬಿಚ್ಚಿ ಮಂಟಪದ ಮೇಲೆ ಹಾರಿಹೋಯಿತು.

ಮುನ್ನೂರು ಪೆಟ್ಟಿಗೆಗಳ ಬಾಯಿ ತೆರೆಯಿತು. ದುಂದುಭ ಮಂತ್ರ ಹೇಳಲು ಹೊರಟ. ಅವನ ನಗಾರಿ ದನಿ ಅವನ ಗಂಟಲಿನಿಂದ ಎದ್ದು ಬಾಗಿಲಲ್ಲಿದ್ದ ಸೇನಾಪತಿಯ ಗಂಟಲನ್ನು ಸೇರಿತು. ಅದು ಕದ್ದ ದನಿಯಾಗಿತ್ತು. ಮಾಂತ್ರಿಕನಿಗೆ ಉಳಿದದ್ದು ಸೊಳ್ಳೆಯ ದನಿ. ಅಂಥ ದನಿಯಲ್ಲಿ ಕರೆದರೆ ಯಾವ ಭೂತವೂ ಬರುವುದಿಲ್ಲ. ಅವನು ಗಡಿ ದಾಟಿ ಹೋದ, ಮತ್ತೆ ಬರಲಿಲ್ಲ.

ಜಗಲಿಯ ಕೂಸು ಕೇರಿಯೆಲ್ಲ ಕೇಳುವಂತೆ ಅತ್ತಿತು. ಅದರ ತಾಯಿ ಬೀಸುವ ಕಲ್ಲು ಬಿಟ್ಟು ಓಡಿ ಬಂದಳು. ರಾಜ ಬಾಚಲೆಗೆ ಏನು ಬೇಕೆಂದು ಕೇಳಿದ. ಇನ್ನು ಮುಂದೆ ಕಾಣಿಕೆ ಯಾವುದಾದರೂ ಬಂದರೆ ಮೊದಲು ತನ್ನಪ್ಪನಿಗೆ ತೋರಿಸಬೇಕು ಎಂದಳು ಅವಳು. ರಾಜ ಮಾತು ಕೊಟ್ಟ, ಮಾತಿನಂತೆ ನಡೆದ.

ಇಬ್ಬರೂ ಮನೆಗೆ ಬಂದರು. ಕಾಳೋಜ ಗಂಟಲು ಸರಿಮಾಡಿಕೊಂಡು, "ಮಗಳೇ, ಕೇಳಿಲ್ಲಿ," ಎಂದು ಶುರುಮಾಡಿದ. ಮಣೆಯ ಮರ ಹೇಗೆ ಆರಿಸಿದೆ, ಮೇಣ ಎಷ್ಟು ಕಾಯಿಸಿದೆ, ಯಾವ ತಿರುಪನ್ನು ಅವಳು ಎಲ್ಲೆಲ್ಲಿ ತಪ್ಪು ತಿರುಗಿಸಿದಳು, ಎಲ್ಲವನ್ನೂ ಹೇಳಿದ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ. ಬಾಚಲೆ ಒಂದು ಸಲವೂ ನಡುವೆ ಬಾಯಿ ಹಾಕದೆ, ಅವನ ಎದುರಿಗೇ ಕೂತು, ಪೂರ್ತಿ ಕೇಳಿಸಿಕೊಂಡಳು.