ಟವೆಲಿನ ನಾಲ್ಕನೇ ಮೂಲೆ

ಇದು ಎಂಬತ್ನಾಲ್ಕರ ಮಾತು. ಬಂಗಾರಪೇಟೆಯಿಂದ ಚಿನ್ನದ ಗಣಿಗೆ ಹೋಗುವ ಬೆಳಗಿನ ರೈಲಿನಲ್ಲಿ ನಾವು ನಾಲ್ವರು ಎದುರುಬದುರು ಕೂತು, ನನ್ನ ಟವೆಲಿನ ಒಂದೊಂದು ಮೂಲೆಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಅದರ ಮೇಲೆ ರಮ್ಮಿ ಆಡುತ್ತಿದ್ದೆವು. ಆ ವರ್ಷ ನಮ್ಮಲ್ಲೊಬ್ಬ, ಕೋದಂಡಪ್ಪ, ಗಣಿಯೊಳಗೆ ಬಂಡೆ ಕುಸಿದು ಸತ್ತ. "ಗಂಡಸಾದೋನು ಅಳಬಾರ್ದು ಕಣ್ಲಾ" ಅನ್ನುತ್ತಿದ್ದವನು ಅವನೇ. ಅವನನ್ನು ಮಣ್ಣು ಮಾಡುವಾಗ ಪೆರುಮಾಳ್, ಶ್ರೀರಾಮಪ್ಪ, ನಾನು, ಉಳಿದ ಮೂವರೂ ಅಳಲಿಲ್ಲ.

ಆಮೇಲಿನ ಸೋಮವಾರ ರೈಲು ಹತ್ತಿದಾಗ ಕೋದಂಡಪ್ಪನ ಖಾಲಿ ಸೀಟು ನೋಡಿ ಕಣ್ಣು ಒರೆಸಿಕೊಂಡೆ. ಪೆರುಮಾಳ್ ಅದನ್ನು ನೋಡಿಬಿಟ್ಟ.

"ಏನ್ಲಾ, ಸೀರೆ ತಂದ್ಕೊಡ್ಲಾ? ಆಸು ಟವಲ್ನ."

ಹಾಸಿದೆ. ಖಾಲಿ ಸೀಟಿನ ಕಡೆಯ ಮೂಲೆ ಜೋತು ಬೀಳಬೇಕಿತ್ತು, ಬೀಳದೆ ಬಿಗಿಯಾಗಿ ನಿಂತಿತು. ಪೆರುಮಾಳ್ ಅದನ್ನೇ ನೋಡುತ್ತಾ ನಾಲ್ಕು ಜನಕ್ಕೆ ಎಲೆ ಹಂಚಿದ. ಶ್ರೀರಾಮಪ್ಪ ತನ್ನ ಎಲೆ ಎತ್ತಿಕೊಂಡು ಜೋಡಿಸತೊಡಗಿದ. ಹೆದರಿಕೆ ಅಂತ ಮೊದಲು ಯಾರು ಹೇಳಬೇಕು? ಚಾಂಪಿಯನ್ ಸ್ಟೇಷನ್ ಬರುವವರೆಗೂ ಆಡಿದೆವು.

ಇಳಿಯುವಾಗ ಟವೆಲ್ ಎಳೆದುಕೊಂಡೆ. ಆ ಮೂಲೆ ಒದ್ದೆಯಾಗಿ, ಬೆಚ್ಚಗಿತ್ತು.

"ಬೆವರು ಕಣ್ಲಾ" ಅಂದ ಪೆರುಮಾಳ್, ನಾನು ಕೇಳುವ ಮೊದಲೇ.

ನನ್ನ ಹೆಂಡತಿ ಪಾಪಕ್ಕ ಅದನ್ನು ಒಗೆದು ಮೂರು ದಿನ ಬೇಸಿಗೆಯ ಬಿಸಿಲಿಗೆ ಹಾಕಿದಳು. ಮೂರು ಮೂಲೆ ಒಣಗಿದವು.