ಮಂಡಿದಿಂಬಿಗೆ ಹೊಲಿದ ಹೆಸರು

“ನಾನು ಬದುಕಿರೋವರೆಗೂ ಈ ಹೆಸರು ಚರ್ಚಿನ ಹೊಸ್ತಿಲು ದಾಟಲ್ಲ!” ಎನ್ನುತ್ತಾ ಯೂನಿಸ್ ಮ್ಯೂಟಿಮರ್ ಕತ್ತರಿಯ ಮೊನೆಯನ್ನು ದಿಂಬಿನ ಹೊಲಿಗೆಯೊಳಗೆ ತೂರಿಸಿ ಎಳೆದಳು. ನೀಲಿ ಉಣ್ಣೆಯ ದಾರ ಚಟ್ಟೆಂದಿತು. ‘ಐರಿಸ್’ ಎಂಬ ಹೆಸರು ತುಂಡುತುಂಡಾಗಿ ಟೀ ಬಟ್ಟಲುಗಳ ನಡುವೆ ಉದುರಿತು. ಕಲ್ಲಿದ್ದಲಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಸೊಸೆ ಮ್ಯೂರಿಯಲ್‌ಗೆ ಒಂದು ಕ್ಷಣ ಏನಾಗುತ್ತಿದೆ ಎಂಬುದೇ ತಿಳಿಯಲಿಲ್ಲ. ತಿಳಿದಾಗ ಬುಟ್ಟಿ ಕೈಜಾರಿತು.

ಊರಿನ ಪ್ರತಿ ಹಳೆಯ ಮನೆತನವೂ ಚರ್ಚಿಗೆ ಒಂದು ಮಂಡಿದಿಂಬು ಹೊಲಿದು ಕೊಡಬೇಕು, ಅದರ ಮೇಲೆ ವಂಶದವರ ಹೆಸರಿರಬೇಕು ಎಂದು ತೀರ್ಮಾನವಾಗಿತ್ತು. ಪ್ರಾರ್ಥನೆಯಲ್ಲಿ ಮಂಡಿಯೂರುವವರ ಮೊಣಕಾಲಿನ ಕೆಳಗೆ ಅವರ ಹಿರಿಯರೇ ಇರುತ್ತಾರಂತೆ! ಮ್ಯೂಟಿಮರ್ ಮನೆತನ ನಾನೂರು ವರ್ಷಗಳಿಂದ ಇದೇ ಊರಿನಲ್ಲಿ ಬೇರುಬಿಟ್ಟದ್ದು. ಹೆಸರು ಹುಡುಕುವ ದುಡಿಮೆ ಸೊಸೆಯ ಪಾಲಿಗೆ, ಹೇಳಿಕೊಂಡು ತಿರುಗುವ ಹೆಮ್ಮೆ ಅತ್ತೆಯ ಪಾಲಿಗೆ. ಚಳಿಗಾಲವೆಲ್ಲ ಮ್ಯೂರಿಯಲ್ ಚರ್ಚಿನ ಹಿಂಗೋಣೆಯಲ್ಲಿ ಕೋಟು ಹೊದ್ದು ಹಳೆಯ ದಫ್ತರಗಳನ್ನು ಓದಿದಳು, ಸಮಾಧಿಕಲ್ಲುಗಳ ಪಾಚಿ ಕೆರೆದಳು. ಕುದುರೆ ಕದ್ದು ಗಲ್ಲಿಗೇರಿದ ಒಬ್ಬ ಜಾಬ್ ಮ್ಯೂಟಿಮರ್ ಸಿಕ್ಕಾಗ ಅತ್ತೆ, “ಕಳ್ಳನಾದ್ರೇನು, ನಮ್ಮ ರಕ್ತ ತಾನೆ, ಹೊಲಿ” ಎಂದಿದ್ದಳು.

ಹೊಲಿದಿದ್ದಳು. ಕೊನೆಗೆ ಮ್ಯೂರಿಯಲ್, ಯಾರನ್ನೂ ಕೇಳದೆ, ತನ್ನ ಕೂಸಿನ ಹೆಸರನ್ನೂ ಹೊಲಿದಿದ್ದಳು. ಏಳು ವರ್ಷಗಳ ಹಿಂದೆ ಈ ಮನೆಯ ಮಹಡಿಯ ಕೋಣೆಯಲ್ಲೇ ಹುಟ್ಟಿದ್ದ ಕೂಸು... ಅಳಲಿಲ್ಲ, ಉಸಿರೆತ್ತಲಿಲ್ಲ. ಸೂಲಗಿತ್ತಿ ಟವೆಲಿನಲ್ಲಿ ಸುತ್ತಿಕೊಂಡು ಕೆಳಗಿಳಿದಳು. “ಎಲ್ಲ ಆಯ್ತು, ಏನೂ ಕೇಳ್ಬೇಡ” ಎಂದ ಗಂಡ ಕ್ಲಿಫರ್ಡ್. ಕಲ್ಲಿಲ್ಲ, ಗುಂಡಿಯಿಲ್ಲ, ದಫ್ತರದಲ್ಲಿ ಒಂದು ಸಾಲಿಲ್ಲ. ಆ ಮಗು ಇತ್ತು ಎನ್ನಲು ಈ ಲೋಕದಲ್ಲಿ ಉಳಿದಿದ್ದದ್ದು ಆ ದಿಂಬಿನ ಮೂಲೆಯೊಂದೇ!

“ಕುದುರೆಗಳ್ಳನಿಗೆ ಜಾಗ ಇದೆ, ನನ್ನ ಮಗಳಿಗಿಲ್ವಾ?” ಮ್ಯೂರಿಯಲ್ ಕಿರುಚಿದಳು.

“ಅವನಿಗೆ ದೀಕ್ಷಾಸ್ನಾನ ಆಗಿತ್ತು. ನೀರು ಮುಟ್ಟದ ಕೂಸಿಗೆ ಎಂಥಾ ಹೆಸರು? ಸುಮ್ನೆ ಯಾಕೆ ಕೆದಕ್ತೀಯ? ಅದು ಇರೋ ಕಡೆ ನೆಮ್ಮದಿಯಾಗಿದೆ.”

“ಇರೋ ಕಡೆ...?”

ಅತ್ತೆಯ ಕತ್ತರಿ ತಡೆದು ನಿಂತಿತು. ಬಾಯಿ ಜಾರಿತ್ತು. ಈಸ್ಟರ್ ಹಬ್ಬದ ಮಾರನೆಯ ದಿನ ಸಮಾಧಿಗಳ ಸಾಲಿನಲ್ಲಿ ಕಂಡದ್ದು ಈಗ ಮ್ಯೂರಿಯಲ್‌ಳ ಕಣ್ಣಿಗೆ ಕಟ್ಟಿತು. ಮ್ಯೂಟಿಮರ್ ಮನೆತನದ್ದಲ್ಲದ ಎರಡು ಕಲ್ಲುಗಳ ಮುಂದೆ, ತಮ್ಮದೇ ಮನೆಯ ಜಾಮ್ ಶೀಶೆಗಳಲ್ಲಿ ಹಳದಿ ಹೂವು. ಒಂದು, ಅನಾಥಾಶ್ರಮದಲ್ಲಿ ಸತ್ತ ಮುದುಕಿ ಹ್ಯಾನಾ ಲಾರ್ಟರ್‌ಳದು. ಇನ್ನೊಂದು, ಕಾಡುಮೊಲ ಕದಿಯುತ್ತಿದ್ದ ಕುಡುಕ ಈನಾಕ್ ಕೆರಿಜ್‌ನದು. ಸ್ವಂತ ಅತ್ತೆಯ ಗೋರಿಗೆ ಒಂದು ಹುಲ್ಲುಕಡ್ಡಿ ಇಡದ ಯೂನಿಸ್‌ಗೆ ಇವರ ಮೇಲೆ ಎಂಥ ಮಮತೆ ಎಂದು ಆ ದಿನ ನಕ್ಕಿದ್ದಳು. ಈನಾಕ್ ಸತ್ತದ್ದು ಐರಿಸ್ ಹುಟ್ಟಿದ ವಾರವೇ ಅಲ್ಲವೇ!

“ಅವನ ಪೆಟ್ಟಿಗೆಯೊಳಗೆ ಇಟ್ರಾ? ನನ್ನ ಮಗಳನ್ನ... ಆ ಕುಡುಕನ ಶವದ ಪೆಟ್ಟಿಗೇಲಿ ಬಚ್ಚಿಟ್ರಾ?”

ದೀಕ್ಷಾಸ್ನಾನವಾಗದೆ ಸತ್ತದ್ದಕ್ಕೆ ಚರ್ಚಿನ ಮಣ್ಣು ಸಿಗದ ಎಷ್ಟೋ ಕೂಸುಗಳು ಹಿಂದೆ ಹೀಗೆ ಕದ್ದುಮುಚ್ಚಿ ಯಾರದೋ ಪೆಟ್ಟಿಗೆ ಸೇರಿ ಪವಿತ್ರ ಮಣ್ಣಿಗೆ ಇಳಿದಿದ್ದವು. ಊರಿಗೆಲ್ಲ ಗೊತ್ತಿದ್ದರೂ ಯಾರೂ ಆಡದ ಮಾತು ಅದು. ಗದ್ದಲ ಕೇಳಿ ಒಳಬಂದ ಕ್ಲಿಫರ್ಡ್ ತಲೆ ತಗ್ಗಿಸಿದ.

“ನಿನಗೂ ಗೊತ್ತಿತ್ತು!”

“ಗೊತ್ತಾದ್ರೆ ನೀನು ಇನ್ನೂ ಒದ್ದಾಡ್ತೀಯ ಅಂತ ಅಮ್ಮ...”

“ಏಳು ವರ್ಷ ನಾನೇನು ಕುಣಿದಾಡ್ಕೊಂಡಿದ್ನಾ? ದಿನಾ ಆ ಗೋರಿ ಪಕ್ಕದಲ್ಲೇ ಅಂಗಡಿಗೆ ಹೋಗ್ತಿದ್ನಲ್ಲೋ! ಒಂದು ದಿನ, ಒಂದೇ ಒಂದು ದಿನ ನಿನ್ನ ನಾಲಿಗೆ ಏಳಲಿಲ್ವಾ?”

ಯೂನಿಸ್ ಮೇಜು ಕುಟ್ಟಿ ಎದ್ದಳು.

“ಹೌದು, ಇಟ್ಟೆ! ಶವಪೆಟ್ಟಿಗೆ ಮಾಡೋನ ಕಾಲು ಹಿಡ್ಕೊಂಡು ಮುಚ್ಚಳ ತೆಗೆಸ್ದೆ. ಇಲ್ಲದಿದ್ರೆ ಬೇಲಿಯಾಚೆ ಗುಂಡಿ ತೋಡಿ ಮುಚ್ಚೋರು. ಈನಾಕ್ ಕುಡುಕನೇ, ಆದ್ರೆ ಮಕ್ಕಳು ಕಂಡ್ರೆ ಪ್ರಾಣ ಬಿಡ್ತಿದ್ದ. ಅವನ ತೋಳಿನ ಸಂದಿಯಲ್ಲಿ ಮಲಗಿಸ್ದೆ. ನನಗೆ ಯಾರ ಪೆಟ್ಟಿಗೆ ಅಂತ ಆರಿಸೋಕಾದ್ರೂ ಬಿಟ್ರಾ? ನನ್ನ ಚೊಚ್ಚಲ ಮಗೂನ ನಮ್ಮತ್ತೆ ಆ ಹ್ಯಾನಾ ಮುದುಕಿ ಕಾಲಡಿ ತುರುಕಿ ಬಂದು ರಾತ್ರಿ ಊಟಕ್ಕೆ ಬಡಿಸು ಅಂದ್ಲು. ನಾನು ಬಡಿಸ್ದೆ! ನನ್ನದಕ್ಕೆ ಹೆಸರಿಲ್ಲ, ನಿನ್ನದಕ್ಕೆ ಯಾಕಿರ್ಬೇಕು?”

ಕೊನೆಗೂ ನಿಜ ಹೊರಬಿದ್ದಿತ್ತು. ಧರ್ಮವೂ ಅಲ್ಲ, ದೀಕ್ಷೆಯೂ ಅಲ್ಲ, ಹೊಟ್ಟೆಯೊಳಗೆ ಹೊಗೆಯಾಡಿದ ಹಳೆಯ ಕಿಚ್ಚು! ಮ್ಯೂರಿಯಲ್‌ಗೆ ಕನಿಕರ ಬರಲಿಲ್ಲ. ಬಂದಿದ್ದರೆ ಅವಳು ಮನುಷ್ಯಳೇ ಆಗಿರುತ್ತಿರಲಿಲ್ಲ. ಸೂಜಿಗೆ ನೀಲಿ ದಾರ ಪೋಣಿಸಿ ಅತ್ತೆಯ ಮುಂದೆ ಕುಕ್ಕಿದಳು.

“ಕಿತ್ತವರೇ ಹೊಲೀರಿ. ನನ್ನದೂ, ನಿಮ್ಮದೂ. ಇಲ್ಲದಿದ್ರೆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಎಲ್ಲ ಹೇಳ್ತೀನಿ.”

ಯೂನಿಸ್‌ಳ ಗಂಟುಗಂಟಾದ ಬೆರಳು ಸೂಜಿಯನ್ನು ಎತ್ತಿಕೊಂಡಿತು. ಆಮೇಲೆ, ಯಾರೂ ಕೇಳದೆಯೇ ಅವಳೆಂದಳು, “ವಾಲ್ಟರ್... ಗಂಡು ಮಗು. ಮನಸ್ಸಲ್ಲೇ ಇಟ್ಕೊಂಡಿದ್ದೆ.”

ಭಾನುವಾರ ಚರ್ಚಿನ ತುಂಬ ಹೊಸ ದಿಂಬುಗಳು. “ಮಂಡಿಯೂರೋಣ” ಎಂದ ಪಾದ್ರಿ. ಊರಿಗೆ ಊರೇ ಬೆಂಚು ಕಿರುಗುಟ್ಟಿಸಿ ಕೆಳಗಿಳಿಯಿತು. ಮದುವೆಯಾಗಿ ಬಂದಂದಿನಿಂದ ಒಂದು ಪ್ರಾರ್ಥನೆಯನ್ನೂ ತಪ್ಪಿಸದ ಯೂನಿಸ್ ಮಾತ್ರ ಅಲುಗಲಿಲ್ಲ. ಬಗ್ಗಿ, ಐರಿಸ್, ವಾಲ್ಟರ್ ಎರಡೂ ಹೆಸರಿದ್ದ ದಿಂಬನ್ನೆತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಪಾದ್ರಿಯ ಹುಬ್ಬು ಗಂಟಿಕ್ಕಿತು.

“ಏನಾಯ್ತು, ಮಿಸೆಸ್ ಮ್ಯೂಟಿಮರ್?”

“ಮಕ್ಕಳ ಮೇಲೆ ಮಂಡಿ ಊರೋದು ಹೇಗೆ ಸ್ವಾಮಿ?” ಎಂದಳು ಅವಳು, ಇಡೀ ಚರ್ಚಿಗೆ ಕೇಳುವಂತೆ.

ಮ್ಯೂರಿಯಲ್‌ಳ ಕೋಪ ಆರಿರಲಿಲ್ಲ. ಆ ವರ್ಷ ಆರುವ ಹಾಗೂ ಇರಲಿಲ್ಲ, ಕ್ಲಿಫರ್ಡ್‌ನ ಮುಖ ನೋಡಲೂ ಅವಳಿಗೆ ಮನಸ್ಸಿರಲಿಲ್ಲ. ಆದರೂ ನೆಲದಿಂದೆದ್ದು ಅತ್ತೆಯ ಪಕ್ಕಕ್ಕೆ ಸರಿದು ಕೂತಳು.

“ನನ್ನವಳನ್ನ ನನ್ನ ಕಡೆ ತಿರುಗಿಸಿ” ಎಂದಳು ಬಿರುಸಾಗಿ.

ಅತ್ತೆ ದಿಂಬನ್ನು ತಿರುಗಿಸಿದಳು.