ಅರಿಶಿಣದ ಬಟ್ಟಲು

"ಕೈ ಹಿಂದಕ್ಕ ತಗೀ!"

ಚೌಡವ್ವನ ಕೂಗಿಗೆ ಚಪ್ಪರದಲ್ಲಿ ಮಾತು, ನಗು ಎಲ್ಲ ಒಮ್ಮೆಲೇ ನಿಂತುಹೋದವು. ಅರಿಶಿಣದ ಬಟ್ಟಲಿಗೆ ಪುಷ್ಪಾವತಿಯ ಬೆರಳು ಇನ್ನೂ ತಾಗಿರಲಿಲ್ಲ. ಎದುರಿಗೆ ಮಣೆಯ ಮೇಲೆ ಮದುಮಗಳಾಗಿ ಕೂತವಳು ಅವಳದೇ ಮಗಳು, ಭುವನಾ!

"ನಾ ಹಡದ ತಾಯಿರೀ ಅತ್ತಿ..."

"ತಾಯಿ ಆದ್ರೇನಾತು? ಮೊನ್ನೆರ ರಾಣೇಬೆನ್ನೂರಾಗ ಹೆಣ ತೊಳದು ಬಂದಿ. ಅದ ಕೈಲೆ ಮದುಮಗಳಿಗೆ ಅರಿಶಿಣ ಹಚ್ಚತೀಯೇನು? ಅತ್ತಾಗ ಸರಿ!"

ಹೌದು, ತೊಳೆದಿದ್ದಳು. ಅಲ್ಲಿನ ವೃದ್ಧಾಶ್ರಮದಲ್ಲಿ ನರ್ಸ್ ಆಗಿ ದುಡಿಯುತ್ತಲೇ ಅವಳ ತಲೆ ನೆರೆತಿತ್ತು. ಜೀವ ಬಿಟ್ಟವರ ಮಕ್ಕಳು ಬಂದು ತಲುಪುವುದರೊಳಗೆ ಮೈ ಒರೆಸಿ, ತಲೆ ಬಾಚಿ, ಒಗೆದ ಬಟ್ಟೆ ಉಡಿಸಿ ಮಲಗಿಸುವುದು ಅವಳು ತಾನಾಗಿ ಹಚ್ಚಿಕೊಂಡ ಕೆಲಸ. ಬ್ಯಾಡಗಿಯ ಈ ಮನೆಯಲ್ಲಿ ಅದಕ್ಕೆ ಸಿಕ್ಕ ಮರ್ಯಾದೆ ಏನು? ಹಿತ್ತಲ ಬಾಗಿಲಿಂದ ಒಳಗೆ ಬರಬೇಕು, ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆ ತುಳಿಯಬಾರದು, ವರ್ಷದ ಖಾರ ಕುಟ್ಟಿಸುವಾಗ ಮೆಣಸಿನಕಾಯಿಯ ತೊಟ್ಟನ್ನೂ ಮುಟ್ಟಬಾರದು! ಅವಳ ಸಂಬಳಕ್ಕೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ, ನೋಡಿ. ಅದರಲ್ಲೇ ಮನೆಗೆ ಜೋಳ, ಬೇಳೆ ಬಂತು, ಭುವನಾ ಬಿ.ಎಡ್. ಓದಿದಳು, ಈ ಚಪ್ಪರವೂ ಎದ್ದಿತು.

ಗಂಡ ಕಿರಣಕುಮಾರ ಚಪ್ಪರದ ಕಂಬ ಸರಿಮಾಡುವ ನೆಪ ಹಿಡಿದ. ಅವ್ವನೆದುರು ಬಾಯಿ ತೆರೆದ ಗಂಡಸಲ್ಲ ಅವನು. ಪುಷ್ಪಾವತಿ ಮಗಳತ್ತ ನೋಡಿದಳು. ಅವಳೊಂದು ಮಾತು ಆಡಿದರೆ ಸಾಕಿತ್ತು...

"ಭುವೀ... ನೀನರ ಹೇಳ..."

ಭುವನಾ ತಲೆ ಎತ್ತಲಿಲ್ಲ. "ಅಜ್ಜಿ ಮನಸಿಗ್ಯಾಕ ಬ್ಯಾಸರ ಮಾಡೂದವ್ವಾ? ಬೀಗರು ನೋಡಾಕತ್ತಾರ. ನೀ ಒಳಗ ಹೋಗ."

ಹೋದಳು. ಹೊರಗೆ ಹೆಂಗಸರ ಹಾಡು ಶುರುವಾಯಿತು. ಒಳಗೆ ಪುಷ್ಪಾವತಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮರುವರ್ಷ ಚೌಡವ್ವನಿಗೆ ಲಕ್ವ ಹೊಡೆಯಿತು. "ನೀ ದಿನಾ ಮಾಡೂ ಕೆಲಸಾನ ಐತೆಲ್ಲ" ಎಂದು ಕಿರಣಕುಮಾರ ಹೆಂಡತಿಯ ಮುಖ ನೋಡದೆ ಹೇಳಿ ಹೊರಟುಹೋದ. ಹಗಲೆಲ್ಲ ಆಶ್ರಮದ ಮುದುಕರು, ಮೋಟೆಬೆನ್ನೂರಿನ ಮೇಲೆ ಹಾಯುವ ಬಸ್ಸು ಹಿಡಿದು ಮನೆಗೆ ಬಂದರೆ ಅತ್ತೆಯ ಹೇಲು-ಉಚ್ಚೆ. ಹಿತ್ತಲ ಬಾಗಿಲಿನ ಮಾತನ್ನು ಈಗ ಯಾರೂ ಎತ್ತಲಿಲ್ಲ! ಬೆನ್ನಿನ ಹುಣ್ಣಿಗೆ ಔಷಧ ಹಚ್ಚುವಾಗ ಮುದುಕಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

"ಪುಷ್ಪಾ... ನಿನ್ನ ಕೈ ಹಗುರ ಐತಿ... ಬ್ಯಾರೆ ಯಾರೂ ಮುಟ್ಟೂದು ಬ್ಯಾಡ..."

ಒಂದು ದಿನ ಪುಷ್ಪಾವತಿ ತಡೆಯಲಾರದೆ ಕೇಳಿಯೇಬಿಟ್ಟಳು. "ಹಂಗಾದ್ರ ಅವತ್ತ ಯಾಕ್ರೀ ಅತ್ತಿ...?"

ಚೌಡವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. "ಅದು ಬ್ಯಾರೆ. ಇದು ಬ್ಯಾರೆ."

ಅಷ್ಟೇ! ಇಷ್ಟು ಚಾಕರಿಗೆ ಒಂದು ಒಳ್ಳೆಯ ಮಾತಾದರೂ ಬಂದೀತೆಂದು ಕಾದಿದ್ದ ಅವಳ ಹುಚ್ಚುತನಕ್ಕೆ ಏನು ಹೇಳುವುದು?

ಮುದುಕಿ ಹೋದಳು. ಮಾವ ಅಜ್ಜಪ್ಪ ಇನ್ನೂ ಗಟ್ಟಿಯಾಗಿದ್ದರು. ಮುತ್ತೈದೆಯಾಗಿ ಹೋದವಳನ್ನು ಅರಿಶಿಣ ಹಚ್ಚಿ ಕಳಿಸಬೇಕಲ್ಲ? ಬಂದ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು. ಆಗ ಗಂಡನ ಮನೆಯಿಂದ ಬಂದಿದ್ದ ಭುವನಾ ಅದೇ ಬಟ್ಟಲಲ್ಲಿ ಅರಿಶಿಣ ಕಲಸಿ ತಂದು ತಾಯಿಯ ಮುಂದೆ ಹಿಡಿದಳು.

"ಅವ್ವಾ, ನೀನ ಹಚ್ಚ. ನಿನಗ ರೂಢಿ ಐತೆಲ್ಲ."

ಪುಷ್ಪಾವತಿ ಮಗಳನ್ನು ಒಂದು ಗಳಿಗೆ ನೋಡಿದಳು. ಬಟ್ಟಲು ತೆಗೆದುಕೊಂಡಳು. ಮೊದಲು ಎರಡೂ ಕೆನ್ನೆಗೆ, ಆಮೇಲೆ ತೋಳಿಗೆ, ಕಡೆಗೆ ಪಾದಕ್ಕೆ... ಮಗಳಿಗೆ ಹೇಗೆ ಹಚ್ಚಬೇಕೆಂದು ಅವಳು ಹಡೆದ ದಿನದಿಂದ ಆಸೆಪಟ್ಟಿದ್ದಳೋ ಹಾಗೇ ಹಚ್ಚಿದಳು. ಕಣ್ಣೀರು ಮಾತ್ರ ನಿಲ್ಲಲೇ ಇಲ್ಲ.

"ಅತ್ತಿ ಸಲುವಾಗಿ ಹಿಂಗ ಅಳೂ ಸೊಸಿ ಎಲ್ಲಿ ಸಿಗತಾಳವಾ!" ಎಂದು ಹೆಂಗಸರು ಹೊಗಳಿದರು.

ಹಾಲು-ತುಪ್ಪ ಮುಗಿದ ಮರುದಿನವೇ ಅವಳು ಡ್ಯೂಟಿಗೆ ಹೋದಳು. ಆಶ್ರಮದಲ್ಲಿ ಮರೆವಿನ ರೋಗದ ಗೋದೂಬಾಯಿ ಹಾಸಿಗೆಯಲ್ಲಿ ಅವಳ ದಾರಿ ಕಾಯುತ್ತ ಮಲಗಿದ್ದರು.

"ಏನ ಪುಷ್ಪಾ, ಉಗುರೆಲ್ಲಾ ಹಳದಿ ಆಗ್ಯಾವ! ಮನ್ಯಾಗ ಮದುವಿ ಇತ್ತೇನ?"

ಪುಷ್ಪಾವತಿ ತನ್ನ ಕೈಗಳನ್ನು ನೋಡಿಕೊಂಡಳು.

"ಹೂನ್ರಿ ಅಜ್ಜಿ... ಮಗಳ ಮದುವಿ. ನಾನ ಅರಿಶಿಣ ಹಚ್ಚಿ ಬಂದೇನಿ."

"ಛಲೋ ಆತು ಬಿಡವಾ" ಎಂದು ಗೋದೂಬಾಯಿ ತೋಳು ಚಾಚಿದರು. ಪುಷ್ಪಾವತಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಅವರ ಮೈ ಒರೆಸತೊಡಗಿದಳು.